ಗವರ್ನರ್ ಒಬ್ಬರು ಮಾತ್ರ ಆ ಕಡೆಯವರು ಇರಲಿ

2018ರ ನವೆಂಬರ್ 6ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮತದಾರರ ಕೈಗೆ ಕೊಟ್ಟ ಮತಪತ್ರವನ್ನು ಮೇಲಿಂದ ಕೆಳಕ್ಕೆ ಓದಿಕೊಂಡು ಹೋಗೋಣ. ನಮ್ಮ ಇವಿಎಂನಲ್ಲಿ ಒಂದು ಬಟನ್ ಒತ್ತಿ ಹೊರಗೆ ಬಂದಷ್ಟು ಸಲೀಸಲ್ಲ ಅದು. ಉದ್ದನೆಯ ಹಾಳೆ. ಒಂದೊಂದು ಹುದ್ದೆಗೂ ಒಂದೊಂದು ಚೌಕ. ಪ್ರತಿ ಹೆಸರಿನ ಪಕ್ಕ ಪುಟ್ಟದೊಂದು ಮೊಟ್ಟೆಯಾಕಾರದ ಖಾಲಿ ಜಾಗ. ಪೆನ್ನಿನಲ್ಲಿ ಅದನ್ನು ತುಂಬುತ್ತಾ ಕೆಳಗೆ ಇಳಿಯಬೇಕು.

ಮೊದಲ ಚೌಕ ವಾಷಿಂಗ್ಟನ್‌ನ ಸೆನೆಟ್ ಸ್ಥಾನಕ್ಕೆ. ಗೆದ್ದವರು ಡೆಮಾಕ್ರಟಿಕ್ ಪಕ್ಷದ ಎಲಿಜಬೆತ್ ವಾರನ್, ಸುಮಾರು ಶೇ 60 ಮತ. ಕೆಳಗಿನ ಚೌಕ ಗವರ್ನರ್ ಮತ್ತು ಲೆಫ್ಟಿನೆಂಟ್ ಗವರ್ನರ್ ಜೋಡಿಗೆ. ಗೆದ್ದವರು ರಿಪಬ್ಲಿಕನ್ ಪಕ್ಷದ ಚಾರ್ಲಿ ಬೇಕರ್, ಸುಮಾರು ಶೇ 67. ಅದರ ಕೆಳಗೆ ಅಟಾರ್ನಿ ಜನರಲ್, ರಾಜ್ಯ ಕಾರ್ಯದರ್ಶಿ, ಖಜಾಂಚಿ, ಲೆಕ್ಕ ಪರಿಶೋಧಕ. ನಾಲ್ಕೂ ಮತ್ತೆ ಡೆಮಾಕ್ರಟರಿಗೆ. ಅಮೆರಿಕದ ಕಾಂಗ್ರೆಸ್ಸಿನ ಕೆಳಮನೆಗೆ ರಾಜ್ಯದಿಂದ 9 ಸ್ಥಾನ, ಒಂಬತ್ತೂ ಡೆಮಾಕ್ರಟರಿಗೆ. ರಾಜ್ಯದ ಶಾಸನಸಭೆಯ ಎರಡೂ ಮನೆಗಳಲ್ಲಿ ಮುಕ್ಕಾಲಿಗಿಂತ ಜಾಸ್ತಿ ಸ್ಥಾನಗಳೂ ಅವರಿಗೇ.

ವಾರನ್ ಅವರಿಗೆ 60, ಬೇಕರ್ ಅವರಿಗೆ 67. ಎರಡನ್ನೂ ಕೂಡಿಸಿದರೆ 127. ನೂರು ಜನರಲ್ಲಿ ಕಡಿಮೆ ಅಂದರೂ 27 ಜನ ಒಂದೇ ಹಾಳೆಯಲ್ಲಿ, ಒಂದೆರಡು ನಿಮಿಷದ ಅಂತರದಲ್ಲಿ, ಇಬ್ಬರಿಗೂ ಮತ ಹಾಕಿರಲೇಬೇಕು. ಡೊನಾಲ್ಡ್ ಟ್ರಂಪ್ ವಿರುದ್ಧ ಬೆಂಕಿ ಕಾರುತ್ತಿದ್ದ ಸೆನೆಟರ್‌ಗೂ, ಟ್ರಂಪ್ ಅವರದೇ ಪಕ್ಷದ ಗವರ್ನರ್‌ಗೂ! ಇವರಿಗೆಲ್ಲ ತಲೆ ಕೆಟ್ಟಿತ್ತಾ? ಇಲ್ಲ. ಇದರ ಹಿಂದೆ ಒಂದು ಲೆಕ್ಕಾಚಾರ ಇದೆ. ಅದು ಒಂದು ಚುನಾವಣೆಯದ್ದೂ ಅಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ 1990ರಿಂದ 2018ರವರೆಗೆ ನಡೆದ 8 ಗವರ್ನರ್ ಚುನಾವಣೆಗಳಲ್ಲಿ 6 ಸಲ ಗೆದ್ದವರು ರಿಪಬ್ಲಿಕನ್ನರು. ಆದರೆ ಅಧ್ಯಕ್ಷ ಚುನಾವಣೆಯಲ್ಲಿ ಆ ಪಕ್ಷ ಅಲ್ಲಿ ಕೊನೆಯ ಸಲ ಗೆದ್ದಿದ್ದು 1984ರಲ್ಲಿ, ರೇಗನ್ ಕಾಲದಲ್ಲಿ. ಶಾಸನಸಭೆಯ ಎರಡೂ ಮನೆಗಳು 1950ರ ದಶಕದ ಕೊನೆಯಿಂದ ಇವತ್ತಿನವರೆಗೂ ಡೆಮಾಕ್ರಟರ ಕೈಯಲ್ಲೇ ಇವೆ.

ಮುಂದೆ ಹೋಗುವ ಮುಂಚೆ ಒಂದು ವಿಷಯ ಸ್ಪಷ್ಟ ಮಾಡಿಬಿಡೋಣ. ಗವರ್ನರ್ ಅಂದ ತಕ್ಷಣ ನಮಗೆ ನೆನಪಾಗುವುದು ರಾಜಭವನ. ನಮ್ಮ ರಾಜ್ಯಪಾಲರನ್ನು ಜನ ಆರಿಸುವುದಿಲ್ಲ, ಕೇಂದ್ರದ ಸಲಹೆಯಂತೆ ರಾಷ್ಟ್ರಪತಿ ನೇಮಿಸುತ್ತಾರೆ. ಅಮೆರಿಕದ ಗವರ್ನರ್ ಮಾಡುವ ಕೆಲಸ ನಮ್ಮ ಮುಖ್ಯಮಂತ್ರಿಯ ಕೆಲಸಕ್ಕೆ ಹತ್ತಿರ: ಬಜೆಟ್ ಮಂಡನೆ, ಇಲಾಖೆಗಳ ಉಸ್ತುವಾರಿ, ನೇಮಕಾತಿ, ಪ್ರವಾಹ, ಹಿಮಪಾತ, ಸಾಂಕ್ರಾಮಿಕ. ಆದರೆ ನಮ್ಮ ಮುಖ್ಯಮಂತ್ರಿ ವಿಧಾನಸಭೆಯ ಬಹುಮತದಿಂದಲೇ ಹುಟ್ಟುವವರು. ನಿಮ್ಮ ಕ್ಷೇತ್ರದಲ್ಲಿ ಒಂದು ಪಕ್ಷದ ಶಾಸಕರಿಗೆ ಮತ ಹಾಕಿ, ಮುಖ್ಯಮಂತ್ರಿ ಮಾತ್ರ ಇನ್ನೊಂದು ಪಕ್ಷದವರು ಇರಲಿ ಅಂತ ಹೇಳುವ ಅವಕಾಶ ನಮಗೆ ಇಲ್ಲವೇ ಇಲ್ಲ. ಅಲ್ಲಿ ಇದೆ. ಶಾಸಕರಿಗೆ ಬೇರೆ ಮತ, ಗವರ್ನರ್‌ಗೆ ಬೇರೆ ಮತ. ಇಬ್ಬರ ಕುರ್ಚಿಯೂ ಒಬ್ಬರನ್ನೊಬ್ಬರು ನೆಚ್ಚಿಕೊಂಡಿಲ್ಲ. ಶಾಸಕರೆಲ್ಲ ತಿರುಗಿಬಿದ್ದರೂ ಸರ್ಕಾರ ಬೀಳುವುದಿಲ್ಲ. ನಾಲ್ಕು ವರ್ಷ ಪೂರ್ತಿ ಅದೇ ಗವರ್ನರ್.

ಹಾಗಾಗಿ ಅಲ್ಲಿನ ಮತದಾರರಿಗೆ ನಮಗೆ ಬರದ ಒಂದು ಪ್ರಶ್ನೆ ಬರುತ್ತದೆ. ಈ ಇಬ್ಬರಲ್ಲಿ ಯಾರು ವಾಸಿ ಅನ್ನುವುದರ ಜೊತೆಗೆ, ಇವರನ್ನು ಆ ಶಾಸನಸಭೆಯ ಎದುರು ಕೂರಿಸಿದರೆ ಏನಾಗುತ್ತದೆ ಅನ್ನುವ ಪ್ರಶ್ನೆ. ದೇವಸ್ಥಾನದ ಹುಂಡಿ ಎಣಿಸುವಾಗ ಕಮಿಟಿಯವರು ಎಷ್ಟೇ ಸಜ್ಜನರಿರಲಿ, ಹೊರಗಿನವರು ಒಬ್ಬರು ಪಕ್ಕದಲ್ಲಿ ಕೂತಿರಲಿ ಅಂತೀವಲ್ಲ, ಆ ತರದ ಯೋಚನೆ. ಕಮಿಟಿಯನ್ನೇ ಬದಲಿಸುವ ಆಸೆ ಯಾರಿಗೂ ಇಲ್ಲ. ಎಣಿಕೆ ಸರಿಯಾಗಿ ಆದರೆ ಸಾಕು.

ಈ ಅನುಮಾನ ಸುಮ್ನೆ ಬಂದಿದ್ದಲ್ಲ. ಮ್ಯಾಸಚೂಸೆಟ್ಸ್ ಹೌಸ್‌ನ, ಅಂದರೆ ರಾಜ್ಯ ಶಾಸನಸಭೆಯ ಕೆಳಮನೆಯ, ಸತತ ಮೂವರು ಸ್ಪೀಕರ್‌ಗಳು ಅಪರಾಧಿಗಳಾದರು. ಚಾರ್ಲ್ಸ್ ಫ್ಲಾಹರ್ಟಿ 1996ರಲ್ಲಿ ತೆರಿಗೆ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡರು. ಅವರ ನಂತರದ ಟಾಮ್ ಫಿನ್ನರನ್ ನ್ಯಾಯಕ್ಕೆ ಅಡ್ಡಿಪಡಿಸಿದ ಆರೋಪವನ್ನು 2007ರಲ್ಲಿ ಒಪ್ಪಿಕೊಂಡರು. ಅವರ ನಂತರದ ಸಾಲ್ ಡಿಮಾಸಿ ಭ್ರಷ್ಟಾಚಾರದ ಕೇಸಿನಲ್ಲಿ 2011ರಲ್ಲಿ ಶಿಕ್ಷೆಗೊಳಗಾಗಿ ಜೈಲಿಗೆ ಹೋದರು. ಮೂವರೂ ಡೆಮಾಕ್ರಟರು. ಬಾಸ್ಟನ್‌ನ ಬೀಕನ್ ಹಿಲ್ ಮೇಲಿರುವ ಶಾಸನಸಭೆಯ ಕಟ್ಟಡದಲ್ಲಿ ಒಂದೇ ಪಕ್ಷ ಬೇರುಬಿಟ್ಟು ಕೂತರೆ ಏನಾಗಬಹುದು ಅನ್ನುವುದಕ್ಕೆ ರಿಪಬ್ಲಿಕನ್ ಅಭ್ಯರ್ಥಿಗಳು ಹೊಸದಾಗಿ ಪುರಾವೆ ಹುಡುಕಬೇಕಾಗಿರಲಿಲ್ಲ. 2002ರಲ್ಲಿ ಮಿಟ್ ರಾಮ್ನಿ ಇದನ್ನೇ ಪ್ರಚಾರದ ಅಸ್ತ್ರ ಮಾಡಿಕೊಂಡರು. ಎದುರಾಳಿ ಡೆಮಾಕ್ರಟ್ ಗೆದ್ದರೆ ಗವರ್ನರ್, ಸ್ಪೀಕರ್, ರಾಜ್ಯದ ಮೇಲ್ಮನೆಯಾದ ಸೆನೆಟ್‌ನ ಅಧ್ಯಕ್ಷರು ಸೇರಿ ಮೂವರ ಕೂಟ ರಾಜ್ಯ ಆಳುತ್ತದೆ ಅಂತ ಹೋದಲ್ಲೆಲ್ಲ ಹೇಳಿದರು. ಗೆದ್ದರು.

ಹಾಗಾದರೆ ಶಾಸಕರನ್ನೇ ಬದಲಿಸಬಹುದಲ್ವಾ? ಇಲ್ಲೇ ಒಂದು ತೊಡಕು. ಮ್ಯಾಸಚೂಸೆಟ್ಸ್‌ನಲ್ಲಿ ಎಷ್ಟೋ ಕ್ಷೇತ್ರಗಳಲ್ಲಿ ಶಾಸಕ ಸ್ಥಾನಕ್ಕೆ ಮತಪತ್ರದಲ್ಲಿ ಒಂದೇ ಹೆಸರು ಇರುತ್ತದೆ. ಎದುರಾಳಿಯೇ ಇಲ್ಲ. ಇದ್ದ ಕಡೆಯೂ ಹಾಲಿ ಶಾಸಕರನ್ನು ಅಲ್ಲಾಡಿಸುವುದು ಕಷ್ಟ. ಜೊತೆಗೆ, ಇಡೀ ಶಾಸನಸಭೆಯ ಬಗ್ಗೆ ಗೊಣಗುವವರಿಗೂ ತಮ್ಮ ಊರಿನ ಶಾಸಕರ ಬಗ್ಗೆ ದೂರಿಲ್ಲ. ಅವರು ಫೋನ್ ಎತ್ತುತ್ತಾರೆ, ಶಾಲೆಗೆ ಅನುದಾನ ತಂದಿದ್ದಾರೆ. ಇಲ್ಲಿ ನಮಗೂ ಗೊತ್ತಿರುವ ಕಥೆಯೇ. ಹಾಗಾಗಿ ಇಡೀ ಹಾಳೆಯಲ್ಲಿ ನಿಜವಾದ ಪೈಪೋಟಿ ಇರುವ, ಒಂದೇ ಗೆರೆಯಲ್ಲಿ ಸಮತೋಲನ ತರಬಹುದಾದ ಚೌಕ ಅಂದರೆ ಗವರ್ನರ್ ಚೌಕ. ಇದಕ್ಕೆ ಇನ್ನೊಂದು ಅನುಕೂಲವೂ ಇದೆ. ರಾಜ್ಯದ ನೋಂದಾಯಿತ ಮತದಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಯಾವ ಪಕ್ಷದ ಹೆಸರಿನಲ್ಲೂ ನೋಂದಾಯಿಸಿಕೊಂಡಿಲ್ಲ. ಅಧ್ಯಕ್ಷ ಚುನಾವಣೆಯಲ್ಲಿ ಅವರಲ್ಲಿ ಬಹುಪಾಲು ಡೆಮಾಕ್ರಟರ ಕಡೆ ವಾಲುತ್ತಾರೆ, ನಿಜ. ಆದರೆ ಪಕ್ಷದ ಚೀಟಿ ಹಣೆಗೆ ಅಂಟಿಸಿಕೊಂಡಿಲ್ಲವಾದ್ದರಿಂದ ಗವರ್ನರ್ ವಿಷಯದಲ್ಲಿ ಆಚೆ ದಾಟುವುದು ಅವರಿಗೆ ದೊಡ್ಡ ಮಾತಲ್ಲ.

ಈಗ ವೀಟೊ ಲೆಕ್ಕಕ್ಕೆ ಬರೋಣ. ಇಡೀ ಕಥೆಯ ಸ್ವಾರಸ್ಯ ಇರುವುದು ಇಲ್ಲಿ.

ಶಾಸನಸಭೆ ಪಾಸು ಮಾಡಿದ ಮಸೂದೆ ಗವರ್ನರ್ ಮೇಜಿಗೆ ಬರುತ್ತದೆ. ಅವರಿಗೆ 10 ದಿನ ಸಮಯ. ಸಹಿ ಹಾಕಬಹುದು, ತಿದ್ದುಪಡಿ ಸೂಚಿಸಿ ಹಿಂದಕ್ಕೆ ಕಳಿಸಬಹುದು, ಇಲ್ಲವೇ ತಿರಸ್ಕರಿಸಬಹುದು, ಅದೇ ವೀಟೊ. ಬಜೆಟ್ ಆದರೆ ಇಡೀ ಬಜೆಟ್ ತಿರಸ್ಕರಿಸಬೇಕಿಲ್ಲ, ಬೇಡದ ಒಂದೊಂದು ಸಾಲನ್ನು ಮಾತ್ರ ಹೊಡೆದುಹಾಕಬಹುದು. ಆದರೆ ಎರಡೂ ಮನೆಗಳಲ್ಲಿ ಮೂರನೇ ಎರಡು ಭಾಗದಷ್ಟು ಸದಸ್ಯರು ಮತ್ತೆ ಮತ ಹಾಕಿದರೆ ಆ ವೀಟೊ ಬಿದ್ದುಹೋಗುತ್ತದೆ. ಅಂದರೆ ಗವರ್ನರ್ ವೀಟೊ ನಿಲ್ಲಬೇಕಾದರೆ ಒಂದು ಮನೆಯಲ್ಲಾದರೂ ಮೂರನೇ ಒಂದಕ್ಕಿಂತ ಜಾಸ್ತಿ ಜನ ಅವರ ಬೆನ್ನಿಗೆ ಇರಬೇಕು. ರಾಜ್ಯದ ಸೆನೆಟ್‌ನಲ್ಲಿ ಇರುವುದು 40 ಸ್ಥಾನ. ಬೇಕಾದದ್ದು 14.

1990ರಲ್ಲಿ ರಿಪಬ್ಲಿಕನ್ ಬಿಲ್ ವೆಲ್ಡ್ ಗವರ್ನರ್ ಆಗಿ ಗೆದ್ದರು. ಅವರಿಗಿಂತ ಮುಂಚಿನ ಡೆಮಾಕ್ರಟ್ ಗವರ್ನರ್ ಮೈಕಲ್ ಡುಕಾಕಿಸ್ ಅವರ ಕೊನೆಯ ವರ್ಷಗಳಲ್ಲಿ ರಾಜ್ಯದ ಖಜಾನೆ ಬರಿದಾಗಿತ್ತು, ಜನ ರೋಸಿಹೋಗಿದ್ದರು. ಆ ಕೋಪದಲ್ಲಿ ಸೆನೆಟ್‌ಗೂ 16 ರಿಪಬ್ಲಿಕನ್ನರು ಆರಿಸಿ ಬಂದರು. ವೆಲ್ಡ್ ವೀಟೊಗೆ ನಿಜವಾದ ಹಲ್ಲು ಬಂತು. ಅದು ಉಳಿದದ್ದು ಎರಡೇ ವರ್ಷ. 1992ರ ಚುನಾವಣೆಯಲ್ಲಿ ಆ ಸಂಖ್ಯೆ 14ಕ್ಕಿಂತ ಎಷ್ಟೋ ಕೆಳಗೆ ಕುಸಿಯಿತು. ಮರುವರ್ಷವೇ, 1993ರಲ್ಲಿ, ಸರ್ಕಾರಿ ಕೆಲಸಗಳನ್ನು ಖಾಸಗಿಯವರಿಗೆ ವಹಿಸುವುದಕ್ಕೆ ಕಡಿವಾಣ ಹಾಕುವ ಕಾನೂನು ಬಂತು. ಅದನ್ನು ತಂದ ಸೆನೆಟರ್ ಹೆಸರಿನಲ್ಲಿ ಅಲ್ಲಿನವರು ಅದನ್ನು ಪಚೇಕೊ ಕಾನೂನು ಅಂತಾರೆ. ಖಾಸಗೀಕರಣವೇ ವೆಲ್ಡ್ ಅವರ ಮುಖ್ಯ ಕಾರ್ಯಕ್ರಮವಾಗಿತ್ತು. ಅವರು ವೀಟೊ ಹಾಕಿದರು. ಶಾಸನಸಭೆ ಅದನ್ನು ಬದಿಗೆ ತಳ್ಳಿ ಕಾನೂನು ಮಾಡಿಯೇಬಿಟ್ಟಿತು.

ಮಾತು ನಡೆಯದ ಗವರ್ನರ್ ಬಗ್ಗೆ ಜನ ಬೇಸರಪಟ್ಟರಾ? 1994ರಲ್ಲಿ ವೆಲ್ಡ್ ಶೇ 71 ಮತ ಪಡೆದು ಮರು ಆಯ್ಕೆಯಾದರು. ಅದೇ ದಿನ, ಅದೇ ಮತಪತ್ರದಲ್ಲಿ, ಡೆಮಾಕ್ರಟ್ ಟೆಡ್ ಕೆನಡಿ ಸುಮಾರು ಶೇ 58 ಮತ ಪಡೆದು ವಾಷಿಂಗ್ಟನ್‌ನ ಸೆನೆಟ್‌ಗೆ ಗೆದ್ದರು. ಅವರ ಎದುರು ಸೋತವರು ಯಾರು ಗೊತ್ತಾ? ಎಂಟು ವರ್ಷದ ನಂತರ ಅದೇ ರಾಜ್ಯದ ಗವರ್ನರ್ ಆಗಲಿದ್ದ ಮಿಟ್ ರಾಮ್ನಿ.

ವೀಟೊ ಉಳಿಸಿಕೊಳ್ಳುವ ಬಲವಿದ್ದಾಗ ವೆಲ್ಡ್ ಗೆದ್ದದ್ದು ಅರ್ಧದಷ್ಟು ಮತದಲ್ಲಿ. ಆ ಬಲ ಹೋದ ಮೇಲೆ ಬಿದ್ದದ್ದು ಶೇ 71. ಆರ್ಥಿಕತೆ ಚೇತರಿಸಿದ್ದು, ಎದುರಾಳಿ ದುರ್ಬಲರಾಗಿದ್ದು, ಇವೆಲ್ಲ ಕಾರಣಗಳೇ. ಆದರೂ ನನಗೆ ಅನಿಸುವುದು ಹೀಗೆ: ಇಂಥ ರಾಜ್ಯದಲ್ಲಿ ಸಮತೋಲನದ ಮತ ಹಾಕುವುದು ಸುಲಭವಾಗುವುದೇ ಅದರಿಂದ ಕೈ ಸುಡುವ ಭಯ ಇಲ್ಲದಿರುವಾಗ. ಗರ್ಭಪಾತ, ಬಂದೂಕು, ತೆರಿಗೆ, ಇಂಥ ದೊಡ್ಡ ವಿಷಯಗಳಲ್ಲಿ ರಿಪಬ್ಲಿಕನ್ ಗವರ್ನರ್ ದಿಕ್ಕು ತಪ್ಪಿಸುವ ಹಾಗಿಲ್ಲ. ಶಾಸನಸಭೆ ಬಿಡುವುದಿಲ್ಲ. ಹಾಗಾಗಿ ಅವರಿಂದ ಕಾವಲಿನ ಲಾಭ ಪೂರ್ತಿ ಸಿಗುತ್ತದೆ, ನಷ್ಟ ಕಮ್ಮಿ. ಡೆಮಾಕ್ರಟ್ ಮತದಾರ ಆರಾಮಾಗಿ ಆಚೆ ದಾಟುತ್ತಾನೆ.

ರಾಮ್ನಿಗೆ ಈ ಪಾಠ ತಡವಾಗಿ ತಿಳಿಯಿತು ಅನ್ನಬೇಕು. ಗವರ್ನರ್ ಆದ ಮೇಲೆ ಶಾಸನಸಭೆಯಲ್ಲೂ ಬಲ ಬೇಕು ಅಂತ 2004ರಲ್ಲಿ 131 ರಿಪಬ್ಲಿಕನ್ ಅಭ್ಯರ್ಥಿಗಳನ್ನು ಕಣಕ್ಕಿಳಿಸಿದರು. ಹಣ ಹಾಕಿದರು, ಊರೂರು ಸುತ್ತಿದರು. ಫಲಿತಾಂಶ ಬಂದಾಗ ಇದ್ದ ಸ್ಥಾನಗಳೂ ಕಮ್ಮಿಯಾಗಿದ್ದವು. ಎಣಿಕೆಗೆ ಒಬ್ಬರು ಸಾಕು, ಕಮಿಟಿ ನಿಮಗೆ ಕೊಡುವುದಿಲ್ಲ ಅಂತ ಮತದಾರರು ಇದಕ್ಕಿಂತ ನೇರವಾಗಿ ಹೇಳಲು ಸಾಧ್ಯವಿರಲಿಲ್ಲ. ರಾಮ್ನಿ ತಮ್ಮ ನಾಲ್ಕು ವರ್ಷದಲ್ಲಿ ಹಾಕಿದ ಸುಮಾರು 800 ವೀಟೊಗಳಲ್ಲಿ ಬಹುಪಾಲನ್ನು ಶಾಸನಸಭೆ ಮುರಿಯಿತು.

ಆದರೆ ಅದೇ ಅವಧಿಯಲ್ಲಿ ಒಂದು ದೊಡ್ಡ ಕೆಲಸವೂ ಆಯಿತು. 2006ರ ಏಪ್ರಿಲ್ 12ರಂದು ಬಾಸ್ಟನ್‌ನ ಫ್ಯಾನ್ಯುಯಲ್ ಹಾಲ್‌ನಲ್ಲಿ ರಾಮ್ನಿ ಆರೋಗ್ಯ ವಿಮೆ ಕಾನೂನಿಗೆ ಸಹಿ ಹಾಕಿದರು. ಪಕ್ಕದಲ್ಲಿ ಟೆಡ್ ಕೆನಡಿ ನಿಂತಿದ್ದರು. ಹೆಚ್ಚುಕಡಿಮೆ ಪ್ರತಿಯೊಬ್ಬರೂ ವಿಮೆ ಮಾಡಿಸಲೇಬೇಕು, ಬಡವರಿಗೆ ಸರ್ಕಾರ ನೆರವು ಕೊಡಬೇಕು ಅನ್ನುವ ಕಾನೂನು. ಮುಂದೆ ಒಬಾಮ ತಂದ ರಾಷ್ಟ್ರೀಯ ಕಾನೂನಿಗೆ ಇದೇ ಮಾದರಿ. ಕಡ್ಡಾಯ ವಿಮೆ ಅನ್ನುವ ವೈಯಕ್ತಿಕ ಹೊಣೆಯ ಮಾತು ರಿಪಬ್ಲಿಕನ್ನರಿಗೆ ಹಿಡಿಸಿತು, ಎಲ್ಲರಿಗೂ ವಿಮೆ ಅನ್ನುವುದು ಡೆಮಾಕ್ರಟರಿಗೆ ಹಿಡಿಸಿತು. ವಿಮೆ ಕೊಡದ ಕಂಪನಿಗಳು ಒಬ್ಬೊಬ್ಬ ಉದ್ಯೋಗಿಗೆ ವರ್ಷಕ್ಕೆ 295 ಡಾಲರ್ ಕಟ್ಟಬೇಕು ಅನ್ನುವ ಭಾಗಕ್ಕೆ ರಾಮ್ನಿ ವೀಟೊ ಹಾಕಿದರು. ಶಾಸನಸಭೆ ಅದನ್ನು ಮುರಿಯಿತು. ತನ್ನ ಪಕ್ಷದವರ ಮುಂದೆ ವಿರೋಧಿಸಿದೆ ಅಂತ ರಾಮ್ನಿ ಹೇಳಿಕೊಂಡರು, ಕಾನೂನು ಪೂರ್ತಿಯಾಗಿ ಜಾರಿಗೆ ಬಂತು. ಇಬ್ಬರ ಮುಖವೂ ಉಳಿಯಿತು.

ಕಾಗದದ ಮೇಲೆ ದುರ್ಬಲ ಅನಿಸಿದರೂ ಗವರ್ನರ್ ಕೈಯಲ್ಲಿ ಒಂದು ಗುಪ್ತ ಆಯುಧ ಇದೆ. ಅದು ಕ್ಯಾಲೆಂಡರ್. ವೀಟೊ ಮುರಿಯಲು ಹೆಸರು ಕರೆದು ಮತ ಹಾಕಿಸಬೇಕು, ಅದಕ್ಕೆ ಶಾಸನಸಭೆಯ ಔಪಚಾರಿಕ ಅಧಿವೇಶನ ನಡೆಯುತ್ತಿರಬೇಕು. ಬೀಕನ್ ಹಿಲ್‌ನ ಶಾಸಕರಿಗೆ ಎಲ್ಲವನ್ನೂ ಕೊನೆಯ ರಾತ್ರಿಗೆ ಇಟ್ಟುಕೊಳ್ಳುವ ಅಭ್ಯಾಸ. 2021ರ ಜನವರಿಯಲ್ಲಿ ಹಾಗೇ ಆಯಿತು. ಹವಾಮಾನ ಬದಲಾವಣೆಯ ಮೇಲಿನ ದೊಡ್ಡ ಮಸೂದೆಯನ್ನು ಎರಡು ವರ್ಷದ ಅವಧಿ ಮುಗಿಯುವ ಹೊತ್ತಿಗೆ ಪಾಸು ಮಾಡಿ ಬೇಕರ್ ಮೇಜಿಗೆ ಕಳಿಸಿದರು. ಅವರು ವೀಟೊ ಹಾಕಿದರು. ಅದನ್ನು ಮುರಿಯಲು ಹಳೆಯ ಶಾಸನಸಭೆ ಉಳಿದೇ ಇರಲಿಲ್ಲ! ಹೊಸ ಸಭೆ ಅದೇ ಮಸೂದೆಯನ್ನು ಮೊದಲಿನಿಂದ ಮತ್ತೆ ಪಾಸು ಮಾಡಬೇಕಾಯಿತು. ಬೇಕರ್ ಕೇಳಿದ ಕೆಲವು ತಿದ್ದುಪಡಿಗಳು ಒಳಗೆ ಸೇರಿದವು. ಮಾರ್ಚ್‌ನಲ್ಲಿ ಸಹಿ ಬಿತ್ತು.

ಬೇಕರ್ ಈ ಪಾತ್ರವನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಅವರು 2014ರಲ್ಲಿ ಗೆದ್ದದ್ದು ಕೂದಲೆಳೆಯಲ್ಲಿ, ಎರಡು ಶೇಕಡಾಕ್ಕಿಂತ ಕಡಿಮೆ ಅಂತರದಲ್ಲಿ. ಅಧಿಕಾರಕ್ಕೆ ಬಂದ ಒಂದು ತಿಂಗಳೊಳಗೆ ಬಾಸ್ಟನ್ ಮೇಲೆ ಹಿಮ ಸುರಿಯತೊಡಗಿತು. ಆ ಚಳಿಗಾಲದಲ್ಲಿ ಒಟ್ಟು 110 ಇಂಚು, ಅಂದರೆ 9 ಅಡಿಗಿಂತ ಜಾಸ್ತಿ, ದಾಖಲೆ. ಎಂಬಿಟಿಎ ಅನ್ನುವ ನಗರ ರೈಲು ವ್ಯವಸ್ಥೆ ಕುಸಿದುಬಿತ್ತು. ರೈಲುಗಳು ನಿಂತವು, ಜನ ಗಂಟೆಗಟ್ಟಲೆ ಚಳಿಯಲ್ಲಿ ಕಾದರು. ಬೇಕರ್ ಶಾಸನಸಭೆಯನ್ನು ಬೈಯಲಿಲ್ಲ. ಕೂತು ಮಾತಾಡಿ, ಎಂಬಿಟಿಎ ಮೇಲೆ ಹಣಕಾಸು ನಿಯಂತ್ರಣ ಮಂಡಳಿ ಒಂದನ್ನು ಪಡೆದುಕೊಂಡರು. ಅದರ ಜೊತೆಗೆ ವೆಲ್ಡ್ ಕಾಲದ ಆ ಪಚೇಕೊ ಕಾನೂನಿನಿಂದ ಎಂಬಿಟಿಎಗೆ ಮೂರು ವರ್ಷ ವಿನಾಯಿತಿಯೂ ಸಿಕ್ಕಿತು. ವೆಲ್ಡ್ ವೀಟೊ ಹಾಕಿ ತಡೆಯಲಾಗದ್ದನ್ನು ಬೇಕರ್ 22 ವರ್ಷದ ನಂತರ ಮಾತಿನಲ್ಲಿ ಒಂದಿಷ್ಟು ಸಡಿಲಿಸಿದರು. ಸೋಮವಾರಗಳಂದು ಗವರ್ನರ್, ಸ್ಪೀಕರ್, ಸೆನೆಟ್ ಅಧ್ಯಕ್ಷರು ಮುಚ್ಚಿದ ಬಾಗಿಲಲ್ಲಿ ಮಾತಾಡಿ, ಆಮೇಲೆ ಪತ್ರಕರ್ತರ ಮುಂದೆ ಒಟ್ಟಿಗೆ ನಿಲ್ಲುವುದು ವಾಡಿಕೆ. ಬೇಕರ್ ಇದನ್ನು ಮನಸ್ಸಿಟ್ಟು ನಡೆಸಿದರು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ರೈಲು ಕೆಟ್ಟರೆ ಹೊಣೆ ಯಾರದ್ದು? ಗವರ್ನರ್ ಹಣ ಸಾಲದು ಅಂತ ಶಾಸನಸಭೆ ಕಡೆ ಬೆರಳು ತೋರಿಸಬಹುದು, ಶಾಸನಸಭೆ ಆಡಳಿತ ಸರಿಯಿಲ್ಲ ಅಂತ ಗವರ್ನರ್ ಕಡೆ. ಎಂಬಿಟಿಎ ಬೇಕರ್ ಅವರ ಎಂಟು ವರ್ಷ ಮುಗಿದಾಗಲೂ ಕುಂಟುತ್ತಲೇ ಇತ್ತು. ಹೊಣೆ ಹಂಚಿಹೋದರೆ ಶಿಕ್ಷೆಯೂ ಹಂಚಿಹೋಗುತ್ತದೆ, ಕೊನೆಗೆ ಯಾರಿಗೂ ತಾಗುವುದಿಲ್ಲ. ಒಂದೇ ಪಕ್ಷಕ್ಕೆ ಎಲ್ಲ ಕೊಟ್ಟು, ಕೆಟ್ಟರೆ ಒಟ್ಟಿಗೆ ಕಿತ್ತುಹಾಕಿ ಅನ್ನುವವರ ವಾದಕ್ಕೆ ಇದರಲ್ಲಿ ಬಲ ಇದೆ.

ಈ ಲೆಕ್ಕಾಚಾರ ಒಂದು ಹುದ್ದೆಗೆ ಮಾತ್ರ ಸೀಮಿತ ಅನ್ನುವುದಕ್ಕೆ ವೆಲ್ಡ್ ಅವರೇ ಸಾಕ್ಷಿ. ಶೇ 71 ಮತದ ಹುಮ್ಮಸ್ಸಿನಲ್ಲಿ 1996ರಲ್ಲಿ ಡೆಮಾಕ್ರಟ್ ಜಾನ್ ಕೆರ್ರಿ ವಿರುದ್ಧ ವಾಷಿಂಗ್ಟನ್‌ನ ಸೆನೆಟ್‌ಗೆ ನಿಂತರು. ಅದೇ ಮನುಷ್ಯ, ಅದೇ ಮತದಾರರು, ಮಧ್ಯೆ ಎರಡೇ ವರ್ಷ. ಸುಮಾರು ಶೇ 45 ಮತ ಪಡೆದು ಸೋತರು. ಮೇರಿಲ್ಯಾಂಡ್‌ನಲ್ಲಿ ಲ್ಯಾರಿ ಹೋಗನ್ ಕಥೆಯೂ ಇದೇ. ಡೆಮಾಕ್ರಟರ ಭದ್ರಕೋಟೆಯಲ್ಲಿ 2014 ಮತ್ತು 2018ರಲ್ಲಿ ರಿಪಬ್ಲಿಕನ್ ಗವರ್ನರ್ ಆಗಿ ಗೆದ್ದವರು. ಜನರಿಗೆ ಅಚ್ಚುಮೆಚ್ಚು. 2024ರಲ್ಲಿ ಸೆನೆಟ್‌ಗೆ ನಿಂತಾಗ ಏಂಜೆಲಾ ಆಲ್ಸೋಬ್ರೂಕ್ಸ್ ಎದುರು ಹತ್ತು ಶೇಕಡಾಕ್ಕಿಂತ ಜಾಸ್ತಿ ಅಂತರದಲ್ಲಿ ಸೋತರು. ಕಾರಣ ಸರಳ. ಗವರ್ನರ್ ಆಗಿ ಹೋಗನ್ ತನ್ನ ರಾಜ್ಯದ ಡೆಮಾಕ್ರಟರಿಗೆ ಲಗಾಮು. ಸೆನೆಟರ್ ಆಗಿ ಹೋದರೆ ವಾಷಿಂಗ್ಟನ್‌ನಲ್ಲಿ ರಿಪಬ್ಲಿಕನ್ನರ ಬಹುಮತಕ್ಕೆ ಇನ್ನೊಂದು ಕೈ. ಮೇರಿಲ್ಯಾಂಡ್ ಮತದಾರರು ಮನುಷ್ಯನನ್ನು ಮೆಚ್ಚಿಕೊಂಡೇ ಕುರ್ಚಿ ಕೊಡಲಿಲ್ಲ.

ರಿಪಬ್ಲಿಕನ್ ರಾಜ್ಯಗಳಲ್ಲಿ ಇದೇ ಕಥೆ ತಿರುಗುಮುರುಗಾಗಿ ನಡೆಯುತ್ತದೆ. ಕೆಂಟಕಿಯಲ್ಲಿ 2020ರಲ್ಲಿ ಟ್ರಂಪ್ ಸುಮಾರು 26 ಶೇಕಡಾ ಅಂತರದಲ್ಲಿ ಗೆದ್ದರು. ಅದೇ ರಾಜ್ಯ 2019 ಮತ್ತು 2023ರಲ್ಲಿ ಡೆಮಾಕ್ರಟ್ ಆ್ಯಂಡಿ ಬೆಶಿಯರ್ ಅವರನ್ನು ಗವರ್ನರ್ ಮಾಡಿತು, ಉಳಿದ ರಾಜ್ಯಮಟ್ಟದ ಹುದ್ದೆಗಳನ್ನೆಲ್ಲ ರಿಪಬ್ಲಿಕನ್ನರಿಗೇ ಕೊಟ್ಟಿತು. ಅಲ್ಲಿ ವೀಟೊ ಮುರಿಯಲು ಮೂರನೇ ಎರಡು ಭಾಗವೂ ಬೇಡ, ಸದಸ್ಯರಲ್ಲಿ ಅರ್ಧಕ್ಕಿಂತ ಒಂದು ಜಾಸ್ತಿ ಇದ್ದರೆ ಸಾಕು. ಬೆಶಿಯರ್ ವೀಟೊ ಬಹುತೇಕ ಪ್ರತಿಭಟನೆಯ ಪತ್ರ ಇದ್ದ ಹಾಗೆ. ಕನ್ಸಾಸ್‌ನಲ್ಲಿ ಕಾರಣ ಹೆಚ್ಚು ಕಟುವಾಗಿತ್ತು. ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ 2012ರಲ್ಲಿ ತಂದ ಭಾರಿ ತೆರಿಗೆ ಕಡಿತದಿಂದ ಬೊಕ್ಕಸ ಖಾಲಿಯಾಯಿತು, ಶಾಲೆಗಳಿಗೆ ದುಡ್ಡಿಲ್ಲದಾಯಿತು. ಅವರ ಪಕ್ಷದ ಶಾಸಕರೇ 2017ರಲ್ಲಿ ಅವರ ವೀಟೊ ಮುರಿದು ಆ ಕಡಿತವನ್ನು ವಾಪಸು ತೆಗೆದರು. ಮರುವರ್ಷ ಡೆಮಾಕ್ರಟ್ ಲಾರಾ ಕೆಲ್ಲಿ ಗೆದ್ದರು. ಇನ್ನು ನಾರ್ತ್ ಕ್ಯಾರೊಲೈನಾದಲ್ಲಿ ಶಾಸನಸಭೆಯೇ ಆಟದ ನಿಯಮ ಬದಲಿಸಿತು. 2016ರಲ್ಲಿ ಡೆಮಾಕ್ರಟ್ ರಾಯ್ ಕೂಪರ್ ಗೆದ್ದ ಮೇಲೆ, ಅವರು ಪ್ರಮಾಣ ವಚನ ತಗೊಳ್ಳುವ ಮುಂಚೆಯೇ, ವಿಶೇಷ ಅಧಿವೇಶನ ಕರೆದು ಗವರ್ನರ್ ಅಧಿಕಾರಗಳಿಗೆ ಕತ್ತರಿ ಹಾಕಿದರು. ಮತದಾರರು ತೂಕ ಹಾಕಿ ಕೊಟ್ಟದ್ದನ್ನು ತಕ್ಕಡಿ ಹಿಡಿದವರೇ ಜಗ್ಗಿದ ಹಾಗಾಯಿತು.

ವರ್ಮಾಂಟ್ ಪುಟ್ಟ ರಾಜ್ಯ, ಆದರೆ ಅದರ 2024ರ ಚುನಾವಣೆ ನನಗೆ ಎಲ್ಲಕ್ಕಿಂತ ಕುತೂಹಲದ್ದು. ಅಲ್ಲಿ ಗವರ್ನರ್ ಅವಧಿ ಎರಡೇ ವರ್ಷ. ರಿಪಬ್ಲಿಕನ್ ಫಿಲ್ ಸ್ಕಾಟ್ 2016ರಿಂದ ಒಂದೂ ಬಿಡದೆ ಗೆಲ್ಲುತ್ತಾ ಬಂದಿದ್ದಾರೆ. 2022ರಲ್ಲಿ ಡೆಮಾಕ್ರಟರು ಮತ್ತು ಅವರ ಮಿತ್ರರಿಗೆ ಎರಡೂ ಮನೆಗಳಲ್ಲಿ ಮೂರನೇ ಎರಡು ಭಾಗ ದಾಟಿದ ಬಲ ಸಿಕ್ಕಿತು. ಸ್ಕಾಟ್ ಹಾಕಿದ ವೀಟೊಗಳು ಒಂದರ ಹಿಂದೆ ಒಂದು ಬಿದ್ದವು. 2024ರ ಜೂನ್‌ನಲ್ಲಿ ಬಿದ್ದ ಒಂದು ವೀಟೊ ಮನೆಮನೆಗೂ ತಟ್ಟಿತು. ಶಾಲೆಗಳ ಖರ್ಚಿಗಾಗಿ ಆಸ್ತಿ ತೆರಿಗೆ ಸರಾಸರಿ ಸುಮಾರು ಶೇ 14ರಷ್ಟು ಏರುವ ಮಸೂದೆ ಅದು. ಗವರ್ನರ್ ಬೇಡ ಅಂದಿದ್ದರು, ಶಾಸನಸಭೆ ಬೇಕು ಅಂತ ಪಾಸು ಮಾಡಿತು. ನವೆಂಬರ್‌ನಲ್ಲಿ ಸ್ಕಾಟ್ ಶೇ 70ಕ್ಕಿಂತ ಜಾಸ್ತಿ ಮತ ಪಡೆದರು. ಅದೇ ಹಾಳೆಯಲ್ಲಿ ಕಮಲಾ ಹ್ಯಾರಿಸ್ ಶೇ 60 ದಾಟಿದರು. ಈ ಸಲ ಮತದಾರರು ಅಲ್ಲಿಗೇ ನಿಲ್ಲಲಿಲ್ಲ. 30 ಸ್ಥಾನಗಳ ಸೆನೆಟ್‌ನಲ್ಲಿ ರಿಪಬ್ಲಿಕನ್ನರು 7ರಿಂದ 13ಕ್ಕೆ ಏರಿದರು, 150 ಸ್ಥಾನಗಳ ಕೆಳಮನೆಯಲ್ಲಿ 56ಕ್ಕೆ. ಬಹುಮತ ಡೆಮಾಕ್ರಟರಿಗೇ ಉಳಿಯಿತು. ಆದರೆ ವೀಟೊ ಮುರಿಯುವ ಬಲ ಎರಡೂ ಮನೆಗಳಲ್ಲಿ ಹೋಯಿತು. ತೆರಿಗೆ ಜೇಬಿಗೆ ಬಿದ್ದಾಗ ಹಲ್ಲಿಲ್ಲದ ಕಾವಲುಗಾರನಿಗೆ ಹಲ್ಲು ಕಟ್ಟಿಸಿದರು ಅನ್ನಿ.

ಸಮತೋಲನ ರಾಜ್ಯದೊಳಗೇ ಆಗಬೇಕು ಅಂತಲೂ ಇಲ್ಲ. ಕೆಲವರು ವಾಷಿಂಗ್ಟನ್ ಕಡೆ ನೋಡಿಕೊಂಡು ಗವರ್ನರ್ ಆರಿಸುತ್ತಾರೆ. ವರ್ಜೀನಿಯಾದಲ್ಲಿ ಗವರ್ನರ್ ಚುನಾವಣೆ ನಡೆಯುವುದೇ ಅಧ್ಯಕ್ಷ ಚುನಾವಣೆಯ ಮರುವರ್ಷ. 1977ರಿಂದ ಅಲ್ಲಿ ಗೆದ್ದವರು ಶ್ವೇತಭವನದಲ್ಲಿ ಇಲ್ಲದ ಪಕ್ಷದವರೇ. 2013 ಒಂದೇ ಅಪವಾದ. ಬೈಡನ್ ಗೆದ್ದ ಮರುವರ್ಷ ರಿಪಬ್ಲಿಕನ್ ಗ್ಲೆನ್ ಯಂಗ್‌ಕಿನ್, ಟ್ರಂಪ್ ಮತ್ತೆ ಗೆದ್ದ ಮರುವರ್ಷ ಡೆಮಾಕ್ರಟ್ ಅಬಿಗೇಲ್ ಸ್ಪ್ಯಾನ್‌ಬರ್ಗರ್. ಕರ್ನಾಟಕದ ಮತದಾರರಿಗೆ ಗೊತ್ತಿರುವ ಸಮತೋಲನ ಈ ಬಗೆಯದ್ದು. 1984ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ರಾಜ್ಯದ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟು, ಮೂರೇ ತಿಂಗಳಿಗೆ, 1985ರ ಮಾರ್ಚ್‌ನಲ್ಲಿ, ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯಲ್ಲಿ 139 ಸ್ಥಾನ ಕೊಟ್ಟವರು ನಾವು. 2023ರಲ್ಲಿ ಕಾಂಗ್ರೆಸ್ಸಿಗೆ 135 ಕೊಟ್ಟು, ಮರುವರ್ಷ ಲೋಕಸಭೆಗೆ ಅದೇ ಪಕ್ಷಕ್ಕೆ 9 ಮಾತ್ರ ಕೊಟ್ಟವರೂ ನಾವೇ.

ಆದರೆ ಮತಗಟ್ಟೆಯಲ್ಲಿ ನಿಂತವರು ನಿಜವಾಗಿ ಇಷ್ಟೆಲ್ಲ ಲೆಕ್ಕ ಹಾಕುತ್ತಾರಾ? ರಾಜಕೀಯ ವಿಜ್ಞಾನಿಗಳಲ್ಲಿ ಇದರ ಮೇಲೆ ಹಳೆಯ ಜಗಳ ಇದೆ. ಬೇಕೆಂದೇ ಎರಡು ಪಕ್ಷಗಳ ಮಧ್ಯದ ದಾರಿ ಹುಡುಕುವ ಮತದಾರರು ಸಾಕಷ್ಟಿದ್ದಾರೆ ಅನ್ನುವುದು ಒಂದು ಗುಂಪು. ತಮ್ಮ ಶಾಸನಸಭೆ ಯಾರ ಕೈಯಲ್ಲಿದೆ ಅನ್ನುವುದೇ ಎಷ್ಟೋ ಜನರಿಗೆ ಗೊತ್ತಿರಲ್ಲ, ಅಭ್ಯರ್ಥಿ ಇಷ್ಟವಾದರೆ ಮತ ಹಾಕುತ್ತಾರೆ ಅಷ್ಟೇ ಅನ್ನುವುದು ಇನ್ನೊಂದು. ನನಗೆ ಎರಡರಲ್ಲೂ ನಿಜ ಕಾಣುತ್ತದೆ. ಸಮತೋಲನದ ಆಸೆ ಬಾಗಿಲು ತೆರೆದಿಡುತ್ತದೆ. ಒಳಗೆ ಬರುವ ಯೋಗ್ಯತೆ ಅಭ್ಯರ್ಥಿಗೆ ಇರಬೇಕು. ಬೇಕರ್ 2016ರಲ್ಲಿ ಅಧ್ಯಕ್ಷ ಹುದ್ದೆಯ ಚೌಕವನ್ನು ಖಾಲಿ ಬಿಟ್ಟೆ ಅಂತ ಬಹಿರಂಗವಾಗಿ ಹೇಳಿದವರು. ಸ್ಕಾಟ್ 2020ರಲ್ಲಿ ಬೈಡನ್‌ಗೆ ಮತ ಹಾಕಿದೆ ಅಂದವರು. ಇಂಥವರು ಸಿಕ್ಕಾಗ ಆಚೆ ದಾಟಲು ಮತದಾರರಿಗೆ ಅಳುಕಿಲ್ಲ. 2022ರಲ್ಲಿ ಬೇಕರ್ ಮತ್ತೆ ನಿಲ್ಲಲಿಲ್ಲ. ರಿಪಬ್ಲಿಕನ್ನರು ಟ್ರಂಪ್ ಬೆಂಬಲದ ಜೆಫ್ ಡೀಲ್ ಅವರನ್ನು ನಿಲ್ಲಿಸಿದರು. ಶಾಸನಸಭೆ ಅದೇ, ಏಕಪಕ್ಷದ ಭಯವೂ ಅದೇ. ಆದರೂ ಡೆಮಾಕ್ರಟ್ ಮೌರಾ ಹೀಲಿ ಶೇ 60ಕ್ಕಿಂತ ಜಾಸ್ತಿ ಮತ ಪಡೆದು ಗೆದ್ದರು. ಗವರ್ನರ್‌ನಿಂದ ಲೆಕ್ಕ ಪರಿಶೋಧಕರವರೆಗೆ ಎಲ್ಲ ಹುದ್ದೆಗಳೂ ಒಂದೇ ಪಕ್ಷಕ್ಕೆ ಹೋದವು.

ಎರಡು ವರ್ಷ ಕಳೆದು 2024ರ ನವೆಂಬರ್ ಬಂತು. ಮ್ಯಾಸಚೂಸೆಟ್ಸ್ ಮತಪತ್ರದಲ್ಲಿ ಆ ಸಲ ಗವರ್ನರ್ ಚೌಕ ಇರಲಿಲ್ಲ. ಅದರ ಬದಲು ಜನರ ಮುಂದೆ ನೇರವಾಗಿ ಇಟ್ಟ ಪ್ರಶ್ನೆಗಳಲ್ಲಿ ಮೊದಲನೆಯದು ಹೀಗಿತ್ತು: ಶಾಸನಸಭೆಯ ಲೆಕ್ಕಪತ್ರಗಳನ್ನು ತಪಾಸಣೆ ಮಾಡುವ ಅಧಿಕಾರವನ್ನು ರಾಜ್ಯದ ಲೆಕ್ಕ ಪರಿಶೋಧಕರಿಗೆ ಕೊಡಬೇಕಾ? ಇದಕ್ಕಾಗಿ ಹೋರಾಡಿದ ಪರಿಶೋಧಕಿ ಡಯಾನಾ ಡಿಝಾಗ್ಲಿಯೊ ಕೂಡ ಡೆಮಾಕ್ರಟ್, ಮೊದಲು ಅದೇ ಶಾಸನಸಭೆಯಲ್ಲಿ ಕೂತವರು. ಸುಮಾರು ಶೇ 72 ಜನ ಹೌದು ಅಂದರು. ಅದೇ ದಿನ ಎರಡೂ ಮನೆಗಳನ್ನು ಮತ್ತೆ ಡೆಮಾಕ್ರಟರಿಗೇ ಭಾರಿ ಬಹುಮತದಿಂದ ಒಪ್ಪಿಸಿದರು. ಫಲಿತಾಂಶ ಬಂದ ಮೇಲೆ ಎರಡೂ ಮನೆಗಳ ನಾಯಕರು ಸಂವಿಧಾನದ ಅಧಿಕಾರ ಹಂಚಿಕೆಯ ಕಾರಣ ಕೊಟ್ಟು ತಪಾಸಣೆಗೆ ಪುಸ್ತಕ ತೆರೆಯಲು ಒಪ್ಪಲಿಲ್ಲ. ಈಗ ಜಗಳ ಒಂದೇ ಪಕ್ಷದವರ ನಡುವೆ.